ಎಕೋ ಇಲ್ಲದ ಭಜನೆ

ನ್ಯಾಮತಿಯ ಮೈಕ್‌ಸೆಟ್ ಅಂಗಡಿಯ ರುದ್ರಪ್ಪನವರು ತಮ್ಮ ಭಜನಾ ತಂಡದ ಹಾಡನ್ನು ಒಳ್ಳೆಯ ಗುಣಮಟ್ಟದಲ್ಲಿ ರೆಕಾರ್ಡ್ ಮಾಡಿಸಿದ್ದರು. ಅವರ ಕಂಪ್ಯೂಟರಿನ ಹಳೇ ಪ್ಲೇಯರ್ ಮಾತ್ರ ಎಲ್ಲದಕ್ಕೂ ಎಕೋ ಬೆರೆಸುತ್ತಿತ್ತು. ರಿಪೇರಿಗೆ ಹೋದ ನಾನು ಸುಮ್ಮನಿರದೆ, ಹಾಡನ್ನು ಇದ್ದ ಹಾಗೇ ಕೇಳಿಸುವ ಹೊಸ ಸಾಫ್ಟ್‌ವೇರ್ ಹಾಕಿಕೊಟ್ಟೆ.

ತಂಡದವರೆಲ್ಲ ಸುತ್ತ ಕೂತು ಕೇಳಿದರು. ತಬಲಾ ಸ್ಪಷ್ಟ, ತಾಳ ಸ್ಪಷ್ಟ. ರುದ್ರಪ್ಪನವರ ದನಿ ಎಲ್ಲರಿಗಿಂತ ಮುಂದೆ ಓಡುತ್ತಿರುವುದೂ ಅಷ್ಟೇ ಸ್ಪಷ್ಟ. ಎಲ್ಲರೂ ಅವರತ್ತ ತಿರುಗಿದರು.

“ಇದು ಸರಿ ಇಲ್ಲ ತೆಗೀರಿ,” ಅಂದರು ರುದ್ರಪ್ಪ. “ಹಳೇದ್ರಾಗೆ ಎಲ್ರೂ ಕೂಡಿ ಹಾಡ್ತಿದ್ವಿ. ಇದ್ರಾಗೆ ನಾನೊಬ್ನೇ ಬ್ಯಾರೆ ಹಾಡ್ತೀನಿ.”

“ಹೆಂಗೈತೋ ಹಂಗೇ ಹೇಳೈತೆ, ರುದ್ರಣ್ಣ,” ಎಂದು ತಬಲಾ ಬಾರಿಸುವ ಖಾಸಿಂ ಸಾಬ್ರು ನಕ್ಕರು.

ಹಳೆಯದನ್ನೇ ಮತ್ತೆ ಹಾಕಿಕೊಟ್ಟೆ.

ಮನೆಗೆ ಬಂದು, ನಾನೇ ಹಾಡಿ ರೆಕಾರ್ಡ್ ಮಾಡಿಟ್ಟಿದ್ದ ಹಾಡನ್ನು ಹೊಸದರಲ್ಲಿ ಕೇಳಿದೆ. ಈಗ ನನ್ನ ಕಂಪ್ಯೂಟರಿನಲ್ಲೂ ಎಕೋ ಐತೆ.