ವಿನ್ನಿ ಟ್ಯಾಟರ್ಸಾಲ್ ಕುರುಡಿಯಾದ ಸೋಮವಾರ

ವಿನಿಫ್ರೆಡ್ ಟ್ಯಾಟರ್ಸಾಲ್ ಇಪ್ಪತ್ತೊಂದು ವರ್ಷಗಳಲ್ಲಿ ರಂಗದ ಮೇಲೆ ಹೊತ್ತು ತಂದ ಟೀ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ, ಬರ್ನ್‌ಲಿ ಊರಿನ ಗಿರಣಿ ಚಿಮಣಿಗಳೆಲ್ಲ ಅದರ ಮುಂದೆ ಕುಳ್ಳಾಗಿ ಕಾಣುತ್ತಿದ್ದವು. ಇಪ್ಪತ್ತೇಳಕ್ಕೇ ಮುದುಕಿಯ ವೇಷ ಹಾಕಿದವಳು ನಲವತ್ತೆಂಟಾದರೂ ಅದನ್ನು ಕಳಚಿರಲಿಲ್ಲ. ಕೆಲಸದವಳು, ನೆರೆಮನೆಯವಳು, ಹೆಣವನ್ನು ಮೊದಲು ಕಂಡು ಕಿರುಚುವವಳು. ಒಮ್ಮೆ ಅವಳ ಕಿರುಚಾಟಕ್ಕೆ ಎರಡು ಬೀದಿ ಆಚೆಯ ಪೊಲೀಸಿನವನು ಸೀಟಿ ಊದುತ್ತಾ ಓಡಿ ಬಂದು, ಹೆಣದ ನಾಡಿ ಹಿಡಿದು ನೋಡಿ, ನಾಲ್ಕನೆಯ ಸಾಲಿನಲ್ಲಿ ಕೂತು ಉಳಿದ ಆಟ ಮುಗಿಸಿಕೊಂಡೇ ಹೋದನಂತೆ.

ಹದಿಮೂರಕ್ಕೇ ಅವಳು ನೇಯ್ಗೆಯ ಗಿರಣಿ ಸೇರಿದ್ದಳು. ಅಲ್ಲಿ ಸಿಡಿಲು ಬಡಿದರೂ ಪಕ್ಕದವಳು ಸೀನಿದಳೆಂದುಕೊಳ್ಳಬೇಕು, ಅಂಥ ಮಗ್ಗಗಳ ಸದ್ದು. ದನಿಗೆ ಅಲ್ಲಿ ಕೆಲಸವಿಲ್ಲ. ಹೆಂಗಸರು ತುಟಿಗಳನ್ನು ಅಗಲಕ್ಕೆ ಕುಣಿಸಿ ಮಾತಾಡುತ್ತಿದ್ದರು, ತುಟಿ ನೋಡಿಯೇ ತಿಳಿಯುತ್ತಿದ್ದರು. ಯಾರ ಗಂಡ ಯಾರ ಹಿಂದೆ ಹೋದನೆಂಬ ಸುದ್ದಿ ನಲವತ್ತು ಮಗ್ಗ ದಾಟಿ ಸದ್ದಿಲ್ಲದೆ ತಲುಪುತ್ತಿತ್ತು. ಆ ಹದಿನಾಲ್ಕು ವರ್ಷದ ಗದ್ದಲ ವಿನ್ನಿಯ ಕಿವಿಗಳನ್ನು ಮೆಲ್ಲಗೆ ತಿನ್ನುತ್ತಾ ಬಂದು, ಆರು ವರ್ಷದ ಹಿಂದೆ ಪೂರಾ ಮುಗಿಸಿತ್ತು.

ನಾಟಕ ಕಂಪನಿಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಎದುರಿನವರ ತುಟಿ ನೋಡಿ ತನ್ನ ಮಾತು ಒಪ್ಪಿಸುತ್ತಿದ್ದಳು. ಗೊತ್ತಾದರೆ ಅವತ್ತೇ ಕೊನೆ. ಹಿಂದಿನ ವರ್ಷ ಒಂದು ಕಿವಿ ಮಂದವಾದ ಮುದಿ ನಟನನ್ನು ಯಜಮಾನ ಹೋಲ್ಡನ್ ಬಣ್ಣ ಒರೆಸಿಕೊಳ್ಳುವಷ್ಟು ಹೊತ್ತೂ ಕೊಡದೆ ಮನೆಗೆ ಕಳಿಸಿದ್ದ.

ಅದು ೧೯೫೧ರ ನವೆಂಬರ್. ವಾರಕ್ಕೊಂದು ಹೊಸ ನಾಟಕದ ಕಂಪನಿ. ಭೂಮಿ ಬಿರಿದರೂ ಸೋಮವಾರ ತೆರೆ ಏಳಲೇಬೇಕು.

“ವಿನ್ನಿ, ಡೋರಾಗೆ ಮಂಗನಬಾವು. ಮುಖ ಕುಂಬಳಕಾಯಿ ಆಗಿದೆ,” ಎಂದ ಹೋಲ್ಡನ್ ಗುರುವಾರ. “ಮಾರ್ಗರಿ ಪಾತ್ರ ನೀನು ಮಾಡು. ಕುರುಡಿ ತಾಯಿ, ಇನ್ನೂರು ಚಿಲ್ಲರೆ ಮಾತು. ಕಣ್ಣು ಮಾತ್ರ ಎದುರಿಗೇ ನೆಟ್ಟಿರ್ಬೇಕು. ಯಾರ ಮುಖಾನೂ ನೋಡಂಗಿಲ್ಲ.”

“ಆಗಲಿ,” ಎಂದುಬಿಟ್ಟಳು ವಿನ್ನಿ. ಅಂದಮೇಲೆ ಹೊಳೆಯಿತು: ಮುಖ ನೋಡದೆ ತುಟಿ ಓದುವುದು ಹೇಗೆ?

ನಾಲ್ಕೇ ದಿನದಲ್ಲಿ ಎಲ್ಲರ ಮಾತನ್ನೂ ಬಾಯಿಪಾಠ ಮಾಡಿದಳು; ಯಾರ ಮಾತಿಗೆ ಎಷ್ಟು ಎಣಿಕೆ ಹಿಡಿಯುತ್ತದೆಂದು ಗುರುತಿಟ್ಟುಕೊಂಡಳು. ತೆಳು ಅಡಿಯ ಚಪ್ಪಲಿ ಹಾಕಿ, ಹಲಗೆ ನಡುಗುವುದರಲ್ಲೇ ಯಾರ ನಡಿಗೆಯೆಂದು ತಿಳಿಯುವುದನ್ನು ಕಲಿತಳು. ಸೋಮವಾರ ಮೊದಲ ಅಂಕ ಹೀಗೆಯೇ ದಾಟಿತು. ಬೆನ್ನ ಮೇಲಿನ ಬೆವರಿನಲ್ಲಿ ದೋಣಿ ಬಿಡಬಹುದಿತ್ತು.

ಎರಡನೆಯ ಅಂಕದಲ್ಲಿ, ಆಸ್ತಿಗೆ ಬಾಯಿ ಬಿಡುವ ತಮ್ಮನ ಮಗನಾಗಿ ಲೆಸ್ಲಿ ಬಂದ. ಅವನ ಮಾತು ಮುಗಿಯುವವರೆಗೆ ವಿನ್ನಿ ಮನಸ್ಸಿನಲ್ಲೇ ಎಣಿಸಿದಳು: ಏಳು, ಎಂಟು, ಒಂಬತ್ತು.

“ಕೂತುಕೋ ಮಗನೇ, ಹೊರಗೆ ಚಳಿ,” ಎಂದಳು ವಿನ್ನಿ.

ಕೂರಬೇಕಾದವನು ಕೂರಲಿಲ್ಲ. ಹಲಗೆಯ ನಡುಕ ಧಡಧಡನೆ ತೀರ ಹತ್ತಿರ ಬಂದು ನಿಂತಿತು. ಲೆಸ್ಲಿ ಮಹಾಶಯ ಒಂದಿಡೀ ಪುಟ ನುಂಗಿಬಿಟ್ಟಿದ್ದ! ಯಾವ ಪುಟ? ಈಗ ಎಲ್ಲಿದ್ದಾನೆ? ತಿರುಗಿ ನೋಡಿದರೆ ಕುರುಡಿಗೆ ಕಣ್ಣು ಬಂತು. ನೋಡದಿದ್ದರೆ ಕಿವುಡಿ ಸಿಕ್ಕಿಬಿದ್ದಳು. ಪಕ್ಕದ ಮರೆಯಿಂದ ಮಾತು ಎತ್ತಿಕೊಡುವವನು ಗಂಟಲು ಹರಿದುಕೊಳ್ಳುತ್ತಿದ್ದ. ಅವಳ ಪಾಲಿಗೆ ಅವನು ಇಲ್ಲವೇ ಇಲ್ಲ. ಎರಡನೆಯ ಸಾಲಿನಲ್ಲಿ ಇಬ್ಬರ ಭುಜ ನಗೆಯಲ್ಲಿ ಕುಲುಕತೊಡಗಿದ್ದು ಮಾತ್ರ ಕಂಡಿತು.

ಮುಂದಿನ ಸಾಲಿನಲ್ಲಿ ಗಿರಣಿಯಿಂದ ನೇರ ಬಂದ ಆರು ನೇಕಾರ ಹೆಂಗಸರು. ನಡುವೆ ಬರ್ಥಾ, ಹನ್ನೊಂದು ವರ್ಷ ವಿನ್ನಿಯ ಪಕ್ಕದ ಮಗ್ಗದವಳು. ಬರ್ಥಾಳ ಕಣ್ಣು ಕಿರಿದಾಯಿತು. ವಿನ್ನಿಗೆ ಕಿವಿ ಕೇಳುತ್ತಿಲ್ಲವೆಂದು ಅವಳಿಗೆ ಹೊಳೆಯಿತು. ತುಟಿಗಳು ಅಗಲಕ್ಕೆ, ಸದ್ದಿಲ್ಲದೆ ತೆರೆದವು:

“ಕೀಲಿ ಎಲ್ಲಿ ಅಂತಿದ್ದಾನೆ ಕಣೇ!”

“ಕೀಲಿಯೇ?” ಎಂದಳು ವಿನ್ನಿ, ಅಷ್ಟು ಹೊತ್ತು ಬೇಕೆಂದೇ ಕಾಡಿಸಿದವಳಂತೆ. “ಬಾವಿಯ ತಳದಲ್ಲಿದೆ. ಇಳಿದು ತಗೋ.”

ನಗುತ್ತಿದ್ದ ಭುಜಗಳು ನಿಂತವು. ಮುಂದೆ ಆರೂ ಬಾಯಿಗಳು ಕೆಲಸಕ್ಕೆ ಇಳಿದವು.

“ನಿನ್ನನ್ನೇ ಬಾವಿಗೆ ನೂಕ್ತಾನಂತೆ.”

“ಚಾಕು ತೆಗೆದ, ಹುಷಾರು!”

“ಅವನ ಮೀಸೆ ಕಿತ್ಕೊಂಡು ಬರ್ತಿದೆ, ನಗ್ಬೇಡ್ವೇ!”

ನಗು ನುಂಗಲು ವಿನ್ನಿ ಕೆನ್ನೆ ಕಚ್ಚಿಕೊಂಡಳು. ಸಭಿಕರಿಗೆ ಅದು ತಾಯ ಸಂಕಟದಂತೆ ಕಂಡು ಕರವಸ್ತ್ರಗಳು ಹೊರಬಂದವು. ಆಟ ಮುಗಿದು ತೆರೆ ಬಿತ್ತು. ಆಗ ಅವಳು ಪಕ್ಕದ ಮರೆಯಲ್ಲಿ ಹೋಲ್ಡನ್‌ನನ್ನು ಕಂಡಳು. ಆ ಜಾಗದಿಂದ ಮುಂದಿನ ಸಾಲಿನ ಮುಖಗಳು ಚೆನ್ನಾಗಿ ಕಾಣುತ್ತವೆ.

ಬಣ್ಣದ ಕೋಣೆಗೆ ಅವನು ಬಂದದ್ದು ಕನ್ನಡಿಯಲ್ಲಿ ಕಾಣಿಸಿತು. ಬೆನ್ನ ಹಿಂದೆ ನಿಂತ. ನಾಟಕದ ಪ್ರತಿಯನ್ನು ಮೆಲ್ಲಗೆ ಎತ್ತಿ ಬಾಯಿಗೆ ಅಡ್ಡ ಹಿಡಿದ. ಕಾಗದದ ಅಂಚು ಅಲುಗಿತು. ಏನೋ ಹೇಳಿ ಮುಗಿಸಿ, ಕಾದ.

ಹೌದು ಎನ್ನಬೇಕೋ, ಇಲ್ಲ ಎನ್ನಬೇಕೋ? ವಿನ್ನಿ ಹೌದನ್ನು ನಾಲಿಗೆಯ ತುದಿಗೆ ತಂದು, ನುಂಗಿದಳು.

“ಕಾಗದ ಇಳಿಸಿ ಸ್ವಾಮಿ. ನಂಗೆ ಕಿವಿ ಕೇಳ್ಸಲ್ಲ.”

ಕಾಗದ ಇಳಿಯಿತು. “ಎಷ್ಟು ದಿನದಿಂದ?”

“ಆರು ವರ್ಷ.”

“ಗೊತ್ತಿದ್ದೂ ಈ ಪಾತ್ರ ಯಾಕೆ ಒಪ್ಕೊಂಡೆ?”

“ಇಷ್ಟು ವರ್ಷದಲ್ಲಿ ಹೆಸರು ಅಂತ ಇದ್ದ ಪಾತ್ರ ಇದೊಂದೇ.” ಅವಳು ತಿರುಗಿ ಕೂತಳು. “ತೆಗೀತೀರಾದ್ರೆ ತೆಗೀರಿ. ಆದ್ರೆ ಪುಟ ನುಂಗಿದವನ ಕಿವಿ ಎರಡೂ ನೆಟ್ಟಗಿವೆ, ನೆನಪಿರಲಿ.”

ಹೋಲ್ಡನ್ ಕತ್ತು ಕೆರೆದುಕೊಂಡ.

“ಆ ಹೆಂಗಸರು ನಾಳೇನೂ ಬರ್ತಾರಾ?”

“ಬೇಡ ಅಂದ್ರೂ ಬರ್ತಾರೆ. ಕಾಗದದ ಹಿಂದೆ ಏನಂದ್ರಿ?”

“ಕೆಲಸದಿಂದ ತೆಗೆದಿದ್ದೀನಿ ಅಂದೆ.”

ವಿನ್ನಿ ಬಣ್ಣ ಒರೆಸುವ ಬಟ್ಟೆಯನ್ನು ಕೆಳಗಿಟ್ಟಳು. “ಈಗ?”

“ನಿಂಗೆ ಕೇಳಿಸ್ಲಿಲ್ವಲ್ಲ,” ಎಂದ ಹೋಲ್ಡನ್, ಅಕ್ಷರ ಅಕ್ಷರವನ್ನೂ ತುಟಿಯಲ್ಲಿ ಬಿಡಿಸಿ, ಗಿರಣಿಯವರ ಹಾಗೆ. “ಕೇಳಿಸದ ಮಾತು ಆಡಿದ ಹಾಗಲ್ಲ. ನಾಳೆ ತಡ ಮಾಡ್ಬೇಡ.”