ಇಗ್ನಿಷನ್ನಿಗೆ ಕುಂಕುಮ

ಪಕ್ಕದ ಮನೆಯಲ್ಲಿ ಬಡಿಗ ಹೊಸ ಬಾಗಿಲಿಗೆ ಪಾಲಿಶ್ ಪೇಪರ್ ತಿಕ್ಕುತ್ತಿದ್ದಾನೆ. ಆ ಖರಖರ ಸಪ್ಪಳ ಕಿವಿಗೆ ಬಿದ್ದರೆ ಸಾಕು, ಇಷ್ಟು ವರ್ಷಗಳಾದರೂ ನನಗೆ ಮೈ ಉರಿಯುತ್ತದೆ. ಉರಿದು ಮುಗಿಯುವುದರೊಳಗೆ ಕಣ್ಣೂ ಒದ್ದೆಯಾಗುತ್ತದೆ. ಇಂಡಿ ಊರಿನ ನಮ್ಮ ಮನೆಯ ಅಂಗಳದಲ್ಲಿ ಅಜ್ಜನ ಕಾಲದ ಕಾರಿನ ಬಾನೆಟ್ ಎತ್ತಿ, ಅಪ್ಪ ದಿನಾ ಬೆಳಿಗ್ಗೆ ಪಾಯಿಂಟ್ ತಿಕ್ಕುತ್ತಿದ್ದದ್ದು ಹೀಗೆಯೇ. ಪಾಯಿಂಟ್ ಎಂದರೆ ಎಂಜಿನ್ನಿಗೆ ಕಿಡಿ ಕೊಡುವ ಎರಡು ಪುಟ್ಟ ಲೋಹದ ತುದಿಗಳು. ಒಂದಕ್ಕೊಂದು ಬಡಿದು ಬಡಿದು ಸುಟ್ಟು ಕರ್ರಗಾಗುವುದೇ ಅವುಗಳ ಹಣೆಬರಹ. ಮನೆಯಲ್ಲಿ ಚಹಾ ಆರುತ್ತಿತ್ತು, ರೊಟ್ಟಿ ಆರುತ್ತಿತ್ತು, ಅವ್ವ ಕರೆದು ಕರೆದು ಸಾಕಾಗುತ್ತಿದ್ದಳು. ಅಪ್ಪ ಮಾತ್ರ ತಲೆ ಎತ್ತುತ್ತಿರಲಿಲ್ಲ.

ಆ ಮನೆ ಈಗ ಇಲ್ಲ. ಅದರ ಜಾಗದಲ್ಲಿ ಸಾಲಾಗಿ ಅಂಗಡಿಗಳು ಎದ್ದಿವೆ. ನಿಂಬೆಯ ಸುಗ್ಗಿಯಲ್ಲಿ ಪಡಸಾಲೆಯ ತುಂಬ ಕಾಯಿ ಸುರುವಿರುತ್ತಿದ್ದರು. ನಾವು ಮಕ್ಕಳು ಆ ರಾಶಿಯ ಬದಿಯಲ್ಲೇ ಮಲಗುತ್ತಿದ್ದೆವು, ಹಾಸಿಗೆ ಹೊದಿಕೆಗಳಿಗೂ ಅದೇ ವಾಸನೆ ಹತ್ತಿರುತ್ತಿತ್ತು. ಅಪ್ಪನ ತಂಗಿ ಶಾಂತತ್ತೆ ನನ್ನನ್ನು ಪಕ್ಕದಲ್ಲಿ ಹಾಕಿಕೊಂಡು ಮಲಗುತ್ತಿದ್ದಳು. ಮದುವೆಯಾದ ವರ್ಷದೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಮನೆಯವರೆಲ್ಲ ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. ಹೊರಗೆ ಕಾಲಿಡಲು ಮಾತ್ರ ಬಿಡಲಿಲ್ಲ. ಅವಳು ಹಟ ಹಿಡಿದು ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿದಳು. ಒಂದು ವರ್ಷ ಕೆಲಸದ ಸಂದರ್ಶನಕ್ಕೆಂದು ಅಪ್ಪ ಕಾರಿನಲ್ಲೇ ಸಿಂದಗಿಗೆ ಕರೆದೊಯ್ದ. ಊರು ಇನ್ನೂ ದೂರವಿರುವಾಗಲೇ ಪಾಯಿಂಟ್ ಸುಟ್ಟು ಗಾಡಿ ನಿಂತಿತು. ತಿಕ್ಕಿ ತೀಡಿ ಹೋಗಿ ಮುಟ್ಟುವಷ್ಟರಲ್ಲಿ ಸಂದರ್ಶನ ಮುಗಿದಿತ್ತು. ಅಪ್ಪ ಎರಡು ದಿನ ಊಟ ಬಿಟ್ಟ.

ಮರುವರ್ಷ ಅವಳಿಗೆ ಮುದ್ದೇಬಿಹಾಳದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಅಮಾವಾಸ್ಯೆಯ ಮರುದಿನ, ಶಾಲೆ ಬಿಡುವುದರೊಳಗೆ ಹಾಜರಾಗಬೇಕು. ತಪ್ಪಿದರೆ ಆ ಜಾಗ ಮತ್ತೊಬ್ಬರ ಪಾಲು. ಈ ಸಲ ಗಾಡಿ ನಿಲ್ಲಬಾರದೆಂದು ಅಪ್ಪ ಪಣ ತೊಟ್ಟ. ಬಿಜಾಪುರದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಅವ್ವನ ತಮ್ಮ ಗಂಗಾಧರ ಮಾಮಾ, ಪರದೇಶದಿಂದ ಯಾರೋ ತಂದದ್ದೆಂದು ಮುಂಬಯಿಯಿಂದ ಒಂದು ಕರಿಯ ಡಬ್ಬಿ ಹಿಡಿದುಕೊಂಡು ಬಂದ. ಎಲೆಕ್ಟ್ರಾನಿಕ್ ಇಗ್ನಿಷನ್. ಪಾಯಿಂಟ್ ಕಿತ್ತು, ಅವುಗಳ ಜಾಗದಲ್ಲಿ ಬೆಳಕು ನೋಡಿ ಕಿಡಿ ಹಚ್ಚುವ ಪುಟ್ಟ ಕಣ್ಣೊಂದನ್ನು ಕೂರಿಸಿದ. "ಇನ್ನ ತಿಕ್ಕೂದು ಇಲ್ಲ, ಒರಸೂದು ಇಲ್ರಿ. ಹತ್ತೂದು, ಹೋಗೂದು," ಎಂದ. ಅತ್ತೆ ಮೆಲ್ಲಗೆ, "ನಾ ಬಸ್ಸಿಗೆ ಹೋಗ್ತೇನಣ್ಣಾ," ಎಂದಳು. ಅಪ್ಪ ಸಿಟ್ಟಾದ. "ಏನವಾ, ಟ್ರಂಕ್ ಹೊತ್ಕೊಂಡು ಬಸ್ಸಿನ್ಯಾಗ ಹೋಗ್ತಿ? ಮಂದಿ ಏನಂದಾರು? ನಾ ಬಿಟ್ಟು ಬರ್ತೇನಿ." ನಮ್ಮ ಮನೆಯ ಗಂಡಸರಿಗೆ ಕೈಯಲ್ಲೊಂದು ನಟ್ಟು ತಿರುವುವ ಪಾನಾ ಇಲ್ಲದೆ ಪ್ರೀತಿ ತೋರಿಸಲು ಬರುತ್ತಿರಲಿಲ್ಲ.

ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುವುದು ನಮ್ಮ ಮನೆಯ ರೂಢಿ. ನಾಲ್ಕು ಗಾಲಿಗೂ ನಮ್ಮ ತೋಟದವೇ ನಿಂಬೆಹಣ್ಣು, ಬಾನೆಟ್ಟಿಗೆ ಅರಿಷಿಣ ಕುಂಕುಮ, ಮುಂದೆ ಒಂದು ಕಾಯಿ. ಪೂಜೆ ನನ್ನ ಅಜ್ಜಿಯದು. ನಾವು ಅವಳನ್ನು ಆಯಿ ಎನ್ನುತ್ತಿದ್ದೆವು. ಮಾಮಾ ಹೆಮ್ಮೆಗೆ ಬಿದ್ದು, ಆ ಪುಟ್ಟ ಕಣ್ಣಿನ ಮೇಲಿನ ಮುಚ್ಚಳ ತೆಗೆದು, "ನೋಡಾಯಿ, ಗಾಡಿಗೆ ಈಗ ಕಣ್ಣ ಐತಿ," ಎಂದು ತೋರಿಸಿದ. ಆಯಿ ಬಗ್ಗಿ ನೋಡಿದಳು, ಕೈ ಮುಗಿದಳು. ಮಾಮಾ ಕೈ ತೊಳೆಯಲು ಹೋಗಿ ಬಂದು ಮುಚ್ಚಳ ಹಾಕಿದ. ಒಳಗೊಮ್ಮೆ ಇಣುಕಿ ನೋಡುವಷ್ಟು ವ್ಯವಧಾನ ಅವನಿಗೆಲ್ಲಿಯದು!

ಮರುದಿನ ನಸುಕಿನಲ್ಲಿ ಅತ್ತೆ ಸಿದ್ಧಳಾಗಿ ನಿಂತಳು. ಗಾಡಿಯ ಎಂಜಿನ್ನೇ ಹತ್ತಲಿಲ್ಲ. ಮಾಮಾ ಡಬ್ಬಿ ಬಿಚ್ಚಿದ, ವೈರು ಬಿಚ್ಚಿದ, ಬ್ಯಾಟರಿ ಬಿಚ್ಚಿದ. ಬಿಚ್ಚಬೇಕಾದ ಆ ಒಂದು ಮುಚ್ಚಳವನ್ನು, ನಿನ್ನೆ ತಾನೇ ಹಾಕಿದ್ದೆಂದು, ಮುಟ್ಟಲೇ ಇಲ್ಲ. ಅಪ್ಪ, "ಲೇ ಗಂಗ್ಯಾ, ಪಾಯಿಂಟ ಇದ್ದಿದ್ರ ತಿಕ್ಕರೆ ತಿಕ್ಕತಿದ್ನೆಲ್ಲೊ! ಇದಕ್ಕ ಏನ್ ತಿಕ್ಕಲಿ?" ಎಂದು ಹರಿಹಾಯ್ದ. ಮಾಮಾ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಬಿಸಿಲೇರಿತು. ಮುದ್ದೇಬಿಹಾಳದ ದಾರಿಗೆ ಹತ್ತಿಸುವ ಸಿಂದಗಿಯ ಬಸ್ಸಿನ ಹೊತ್ತಾಯಿತು. ಅತ್ತೆ ಅಂಗಳದಲ್ಲಿ ಎತ್ತಿ ನಿಲ್ಲಿಸಿದ್ದ ಬಾನೆಟ್ಟನ್ನು ಸ್ವಲ್ಪ ಹೊತ್ತು ನೋಡಿದಳು. ನನ್ನ ಕೆನ್ನೆ ಮುಟ್ಟಿ, "ನಾ ಹೊಂಟೆ ಅಂತ ನಿಮ್ಮಪ್ಪಗ ಹೇಳವಾ," ಎಂದು ಟ್ರಂಕನ್ನು ಸೊಂಟಕ್ಕೆ ಏರಿಸಿಕೊಂಡಳು. ನಾನು ಓಡಿ ಹೋಗಿ ಹೇಳಿದೆ. ಅಪ್ಪ ಎಂಜಿನ್ನಿನಿಂದ ತಲೆ ಎತ್ತದೆ, "ಹೂಂ, ಐದ್ ಮಿನಿಟ್ ತಡಿ ಅನ್ನು," ಎಂದ. ಮತ್ತೊಮ್ಮೆ ಹೇಳಿದೆ, ಅದೇ ಉತ್ತರ. ಏನು ಮಾಡಬೇಕು ಇಂಥವರಿಗೆ!

ಮಧ್ಯಾಹ್ನದ ಹೊತ್ತಿಗೆ ಆಯಿ ಚಹಾ ತಂದಳು. ಇಬ್ಬರ ಮಸಿ ಮುಖ ನೋಡಿ, "ಕಣ್ಣಿಗೆ ನಾ ಹಚ್ಚಿದ ಕುಂಕುಮ ಅಳಿಸೈತೇನೊ, ಮತ್ತ ಹಚ್ಚಲೇನು?" ಎಂದು ಕೇಳಿದಳು. ಮಾಮಾ ಕೈಯಲ್ಲಿದ್ದ ಚಹಾದ ಬಸಿಯನ್ನು ಅಲ್ಲೇ ಇಟ್ಟ. ಮುಚ್ಚಳ ತೆಗೆದರೆ, ಆ ಪರದೇಶದ ಕಣ್ಣಿಗೆ ನೀರಲ್ಲಿ ಕಲಸಿದ ಕುಂಕುಮ ಒಣಗಿ ದಪ್ಪಗೆ ಮೆತ್ತಿಕೊಂಡಿತ್ತು. ಧೋತರದ ಚುಂಗಿನಿಂದ ಒರೆಸಿದ. ಒಂದೇ ಸಲಕ್ಕೆ ಗಾಡಿ ಹತ್ತಿತು. ಅಪ್ಪ ಗೆದ್ದವನಂತೆ ತಲೆ ಎತ್ತಿ, "ಶಾಂತಾ, ಬಾರವಾ, ಹೊಂಡೋಣು!" ಎಂದು ಕೂಗಿದ. ನಾನು ಬಸ್ಸಿನ ದಾರಿಯ ಕಡೆಗೆ ಕೈ ತೋರಿಸಿದೆ.

ಅಪ್ಪ ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಸಿಂದಗಿ ದಾಟಿತು, ಹೂವಿನ ಹಿಪ್ಪರಗಿ ದಾಟಿತು, ಗಾಡಿ ಕೆಮ್ಮಲೂ ಇಲ್ಲ. ಇಳಿಬಿಸಿಲಿಗೆ ಮುದ್ದೇಬಿಹಾಳ ಮುಟ್ಟಿದಾಗ ಶಾಲೆ ಬಿಟ್ಟಿತ್ತು. ಅತ್ತೆ ಹಾಜರಿ ಹಾಕಿ, ಶಾಲೆಯ ಹಿಂದೆಯೇ ಒಂದು ಖೋಲಿ ಹಿಡಿದು, ಕಸ ಗುಡಿಸುತ್ತಿದ್ದಳು. "ಒಬ್ಬಾಕಿನ ಬಂದಿಯಲ್ಲವಾ," ಎಂದ ಅಪ್ಪ. ಅತ್ತೆ ಕಸಬರಿಗೆ ಕೆಳಗಿಟ್ಟಳು. "ನೀ ಬಂದ ಬರ್ತಿ ಅಂತ ಗೊತ್ತಿತ್ತಣ್ಣಾ. ಸಾಲಿ ಅಲ್ಲೀತನಕ ಕಾಯೂದಿಲ್ಲ," ಎಂದಳು. ಅಪ್ಪ ಖೋಲಿಯ ಚಿಲಕ ಎಳೆದು ನೋಡಿದ, ಕಿಡಕಿ ತೆಗೆದು ಹಾಕಿದ, ಕಂದೀಲು ಅಲ್ಲಾಡಿಸಿ ಎಣ್ಣೆ ನೋಡಿದ. ಎಲ್ಲವೂ ಸರಿಯಾಗಿಯೇ ಇದ್ದವು. ಅತ್ತೆ ಆಮೇಲೆ ನಮ್ಮ ಮನೆಗೆ ಹಬ್ಬಕ್ಕೆ ಬಂದಳು, ಹುಣ್ಣಿಮೆಗೆ ಬಂದಳು, ಇರಲು ಮಾತ್ರ ಬರಲಿಲ್ಲ. ಮುದ್ದೇಬಿಹಾಳದಲ್ಲೇ ತೀರಿಕೊಂಡಳು. ಅಪ್ಪ ಅವಳಿಗಿಂತ ಮೊದಲೇ ಹೋಗಿದ್ದ.

ಆ ಸಂಜೆ ನಾವಿಬ್ಬರೇ ವಾಪಸು ಹೊರಟೆವು. ಹಿಂದಿನ ಸೀಟು ಖಾಲಿ. ಮಾಮಾ ಹೇಳಿದ್ದು ಖರೆಯಾಗಿತ್ತು. ಗಾಡಿ ದಾರಿಯಲ್ಲಿ ಒಂದು ಸಲವೂ ನಿಲ್ಲಲಿಲ್ಲ. ಎಲ್ಲಾದರೂ ನಿಂತಿದ್ದರೆ ಅಪ್ಪನಿಗೆ ಇಳಿದು ಮಾಡಲು ಏನಾದರೊಂದು ಕೆಲಸ ಸಿಗುತ್ತಿತ್ತು.