ಅವ್ವನನ್ನು ಅಬ್ಬಿಗೆ ಕರೆದೊಯ್ದದ್ದು

ಮಂಜರಾಬಾದಿನ ಗುಡ್ಡಗಳಲ್ಲಿ ಕಾಫಿ ತೋಟಗಳು ಒಂದೊಂದಾಗಿ ಹಬ್ಬುತ್ತಿದ್ದ ಕಾಲ ಅದು. ವನಗೂರಿನಿಂದ ಬಿಸಿಲೆ ಕಡೆಗೆ ಹೋಗುವ ಕಾಡುದಾರಿಯ ಪಕ್ಕದಲ್ಲಿ ನಮ್ಮ ಊರಿತ್ತು. ಊರೆಂದರೆ ಏಳೆಂಟು ಮನೆ, ಕೆಳಗೆ ಒಂದಿಷ್ಟು ಗದ್ದೆ, ಅಷ್ಟೇ. ಆಚೆಯ ಗುಡ್ಡ ಇಳಿದರೆ ಅಬ್ಬಿ. ಬಂಡೆಯ ತಲೆಯಿಂದ ಹೊಳೆ ಧುಮುಕುವ ಆ ಸದ್ದು ಮಳೆಗಾಲದಲ್ಲಿ ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ಅದನ್ನು ನೋಡಲು ಮಂಗಳೂರು, ಬೆಂಗಳೂರು, ಮದರಾಸಿನಿಂದೆಲ್ಲ ಜನ ಬರುತ್ತಿದ್ದರು. ಅವರಿಗೆ ದಾರಿ ತೋರಿಸುತ್ತಿದ್ದವನು ನಾನು.

ಪಕ್ಕದ ಎಸ್ಟೇಟಿನ ದೊರೆ ಒಮ್ಮೆ ಆ ಸದ್ದು ಎಲ್ಲಿಂದ ಬರುತ್ತದೆ ಎಂದು ಕೇಳಿದ್ದೇ ಇದಕ್ಕೆಲ್ಲ ಮೊದಲು. ಕತ್ತಿ ಹಿಡಿದು ಪೊದೆ ಕಡಿಯುತ್ತ ನಾನೇ ಅವನನ್ನು ಇಳಿಸಿಕೊಂಡು ಹೋದೆ. ನೀರು ಕಂಡವನೇ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಆಮೇಲೆ ಅವನ ಸ್ನೇಹಿತರು ಬಂದರು, ಸ್ನೇಹಿತರ ಸ್ನೇಹಿತರು ಬಂದರು. ಬೇಸಾಯದ ಬಿಡುವಿನಲ್ಲಿ ನಾನು ಮಣ್ಣು ಕಡಿದು ಮೆಟ್ಟಿಲು ಮಾಡಿದೆ. ಕಡಿದಾದ ಬಂಡೆಯ ಹತ್ತಿರ ಹಿಡಿದುಕೊಳ್ಳಲು ಬೆತ್ತದ ಹಗ್ಗ ಕಟ್ಟಿದೆ. ಬಂದವರು ನನ್ನನ್ನು ಗೈಡ್ ಎಂದು ಕರೆಯತೊಡಗಿದರು. ನನಗೂ ಕೆಲಸ ಕೈಗೆ ಹತ್ತಿತು. ಕೊನೆಯ ತಿರುವಿನಲ್ಲಿ ಎಲ್ಲರನ್ನೂ ತಲೆ ತಗ್ಗಿಸಿಕೊಂಡು ಬರಲು ಹೇಳುತ್ತಿದ್ದೆ. ಸರಿಯಾದ ಜಾಗಕ್ಕೆ ಬಂದ ಮೇಲೆ ‘ಈಗ ನೋಡಿ’ ಎನ್ನುತ್ತಿದ್ದೆ. ಹಾಗೆ ಒಮ್ಮೆಲೇ ಕಂಡವರು ಮಾತು ಮರೆತು ನಿಲ್ಲುತ್ತಿದ್ದರು. ನಾನು ನೀರು ನೋಡುತ್ತಿರಲಿಲ್ಲ, ಅವರ ಮುಖ ನೋಡುತ್ತಿದ್ದೆ.

ಒಂದು ವರ್ಷ ಕಾರ್ತಿಕದಲ್ಲಿ, ಗದ್ದೆಯಲ್ಲಿ ಭತ್ತ ಇನ್ನೂ ಹಣ್ಣಾಗುತ್ತಿದ್ದಾಗ, ಅವ್ವ ರೊಟ್ಟಿ ತಟ್ಟುತ್ತ ಕೇಳಿದಳು.

“ಅಲ್ಲ ಕಣೋ, ಅಷ್ಟು ದೂರದಿಂದ ಬತ್ತಾರಲ್ಲ, ಅಂಥಾದ್ದು ಏನೈತೋ ಅಲ್ಲಿ?”

“ಯಾಕವ್ವ, ನೀನು ನೋಡಿಲ್ವ?”

“ಎಲ್ಲಿ ನೋಡ್ಲಿ? ಮದ್ವೆಯಾಗಿ ಬಂದಾಗಿನಿಂದ ಸದ್ದು ಕೇಳೀವ್ನಿ, ಅಷ್ಟೆಯ. ಸೌದೆಗೆ ಹೋದ್ರೆ ಈ ಕಡೆ ಗುಡ್ಡ. ಆ ಕಡೆ ಹೆಂಗಸ್ರಿಗೇನು ಕೆಲ್ಸ ಅಂತಿದ್ರು ನಿಮ್ಮಪ್ಪ.”

ಒಲೆಯ ಮುಂದಿದ್ದ ನನ್ನ ಹೆಂಡತಿಯೂ ತಲೆಯಾಡಿಸಿದಳು. ಅವಳೂ ನೋಡಿರಲಿಲ್ಲ. ನಾಲ್ಕು ಊರಿನ ಸಾಹೇಬರನ್ನೆಲ್ಲ ಕೈಹಿಡಿದು ಇಳಿಸಿದವನಿಗೆ ಇದು ಹೊಳೆದೇ ಇರಲಿಲ್ಲ. “ನಾಳಿದ್ದು ಸೋಮವಾರ, ಶಿವನ ವಾರ, ಗುದ್ದಲಿ ಹಿಡಿಯೋ ಹಂಗಿಲ್ಲ. ಹೋಗಾಣ,” ಎಂದೆ.

ಸುದ್ದಿ ಮನೆಯಿಂದ ಮನೆಗೆ ಹೋಯಿತು. ಸೋಮವಾರ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಊರಿನ ಹೆಂಗಸರೆಲ್ಲ ಸೇರಿದ್ದರು. ಅವ್ವ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಮದುವೆಗೆ ಹೊರಟವಳಂತೆ ಪೆಟ್ಟಿಗೆಯ ಸೀರೆ ಉಟ್ಟಿದ್ದಳು. ಬಾಳೆಲೆಯಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡಿದ್ದರು. ಹೊರಡುವ ಮುಂಚೆ ಅವ್ವ ನನ್ನನ್ನು ಕರೆದು, “ಸಾಹೇಬ್ರಿಗೆ ಏನೇನು ಹೇಳ್ತೀಯೋ ನಮ್ಗೂ ಅದ್ನೆಲ್ಲ ಹೇಳ್ಬೇಕು. ಮನೆಯೋರು ಅಂತ ಒಂದು ಮಾತೂ ಬಿಡಂಗಿಲ್ಲ,” ಎಂದಳು.

ನಾನು ಒಂದು ಮಾತನ್ನೂ ಬಿಡಲಿಲ್ಲ. ರಕ್ತ ಹೀರುವ ಇಂಬಳ ಹತ್ತದಂತೆ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಸಿದೆ. ಹುಟ್ಟಿದಾಗಿನಿಂದ ಇಂಬಳ ಕಿತ್ತು ಎಸೆದವರು ನಗುತ್ತಲೇ ಕಾಲು ಚಾಚಿದರು. ಆನೆ ಮೈಯುಜ್ಜಿದ ಮರ ತೋರಿಸಿದೆ. ಈ ನೀರು ಘಟ್ಟ ಇಳಿದು, ದೊಡ್ಡ ಹೊಳೆ ಸೇರಿ, ಮಂಗಳೂರಿನ ಹತ್ತಿರ ಸಮುದ್ರಕ್ಕೆ ಬೀಳುತ್ತದೆ ಎಂದು ಹೇಳಿದೆ.

ಅರ್ಧ ದಾರಿಯಲ್ಲಿ ಒಂದು ಹಳ್ಳ ದಾಟಬೇಕು. ನಾವು ಅಲ್ಲಿಗೆ ಬಂದಾಗ ಎಸ್ಟೇಟಿನ ಲೆಕ್ಕ ನೋಡುವ ರೈಟರು ನಿಂತಿದ್ದರು. ಮಂಗಳೂರಿನ ಕ್ರೈಸ್ತರು, ಒಳ್ಳೆಯ ಮನುಷ್ಯರು. ಜೊತೆಗೆ ಅವರ ಊರಿನಿಂದ ಬಂದ ತಾಯಿ, ತಂಗಿ, ಭಾವ. ಜಾರುವ ಕಲ್ಲುಗಳನ್ನು ಕಂಡು ಯಾರೂ ನೀರಿಗೆ ಕಾಲಿಟ್ಟಿರಲಿಲ್ಲ.

“ಎಂತ ಮಾರಾಯ! ನಿನ್ನೆ ನಿನ್ನ ಮನೆಗೆ ಆಳು ಕಳಿಸಿದ್ದೆ, ಬಾಗಿಲು ಹಾಕಿತ್ತು. ದೇವರು ಕಳಿಸಿದ ಹಾಗೆ ಸಿಕ್ಕಿದಿ. ಬಾ, ಇವರನ್ನು ಕರಕೊಂಡು ಹೋಗುವ,” ಎಂದರು ರೈಟರು.

“ಇವತ್ತು ನಂಗೆ ಜನ ಅವ್ರೆ ರೈಟ್ರೇ,” ಎಂದೆ.

ಅವರು ನನ್ನ ಹಿಂದೆ ನೋಡಿದರು. “ಜನ ಎಲ್ಲಿ? ದೊರೆಯ ಕಡೆಯವರಾ?”

“ಇವ್ರೇ. ನಮ್ಮವ್ವ, ನಮ್ಮೂರ ಹೆಂಗಸ್ರು. ಅಬ್ಬಿ ನೋಡಕ್ಕೆ ಬಂದವ್ರೆ.”

ರೈಟರಿಗೆ ನಗು ಬಂತು, ಆದರೆ ನಗಲಿಲ್ಲ. “ಅವರು ಇಲ್ಲಿಯವರೇ ಅಲ್ವಾ? ನಾಳೆಯೂ ನೋಡಬಹುದು. ನಮ್ಮ ಅಮ್ಮ ಘಟ್ಟ ಹತ್ತಿ ಬಂದಿದ್ದಾರೆ.”

ನನ್ನ ಹಿಂದೆ ಹೆಂಗಸರಲ್ಲಿ ಒಬ್ಬಳು ಆಗಲೇ ದಾರಿಯ ಪಕ್ಕಕ್ಕೆ ಸರಿದು ಜಾಗ ಬಿಟ್ಟಿದ್ದಳು. ಅವ್ವ ಸೆರಗು ಸರಿಮಾಡಿಕೊಂಡು ನನ್ನನ್ನೇ ನೋಡುತ್ತಿದ್ದಳು. ರೈಟರೆಂದರೆ ನಮ್ಮ ಊರಿನವರಿಗೆಲ್ಲ ಎಸ್ಟೇಟಿನಲ್ಲಿ ಕೆಲಸ ಕೊಡುವವರು.

“ನಿಮ್ಮಮ್ಮ ದೂರದಿಂದ ಬಂದವ್ರೆ, ದಿಟ. ನಮ್ಮವ್ವ ಈ ಸದ್ದು ಕೇಳ್ಕೊಂಡೇ ಮುದುಕಿಯಾಗ್ಬುಟ್ಟಳು ಕಣ್ರೀ,” ಎಂದೆ. “ಮೊದ್ಲು ಇವ್ರು. ಇವ್ರನ್ನ ತೋರ್ಸಿ ಬಂದು ನಿಮ್ಮನ್ನ ಕರ್ಕೊಂಡು ಹೋಯ್ತೀನಿ. ಇಲ್ಲಾಂದ್ರೆ ನಮ್ಮ ಹಿಂದೆಯೇ ಬನ್ನಿ.”

ರೈಟರು ಏನೋ ಹೇಳುವಷ್ಟರಲ್ಲಿ ಅವರ ತಾಯಿ ಮಗನನ್ನು ತಡೆದು ಕೊಂಕಣಿಯಲ್ಲಿ ಎರಡು ಮಾತಾಡಿದರು. ಆಮೇಲೆ ಅವ್ವನ ಕಡೆ ತಿರುಗಿ, “ನೀವು ಮುಂದೆ ಹೋಗಿ ಅಮ್ಮ. ನಾವು ಹಿಂದಿನಿಂದ ಬರುವ,” ಎಂದರು.

ನಮ್ಮ ಹೆಂಗಸರು ಸೀರೆ ಎತ್ತಿಕಟ್ಟಿ ಹಳ್ಳ ದಾಟಿದರು. ಅವ್ವ ಆಚೆ ದಡ ಮುಟ್ಟಿದವಳು ತಿರುಗಿ ನೋಡಿದಳು. ಆ ತಾಯಿ ಮೊದಲ ಕಲ್ಲಿನ ಮೇಲೇ ನಡುಗುತ್ತಿದ್ದರು. ಅವ್ವ ಮತ್ತೆ ನೀರಿಗಿಳಿದು ಬಂದು, “ಕಲ್ಲು ಬ್ಯಾಡಿ, ನೀರಾಗೇ ಕಾಲಿಡಿ. ನನ್ ಕೈ ಬುಡಬ್ಯಾಡಿ,” ಎಂದು ದಾಟಿಸಿದಳು. ಪೆಟ್ಟಿಗೆಯ ಸೀರೆ ಮೊಣಕಾಲಿನವರೆಗೂ ಒದ್ದೆಯಾಯಿತು. ಆ ಕೈಗಳನ್ನು ಆಮೇಲೂ ಇಬ್ಬರೂ ಬಿಡಲಿಲ್ಲ.

ಕೊನೆಯ ತಿರುವಿನಲ್ಲಿ ಎಲ್ಲರಿಗೂ ತಲೆ ತಗ್ಗಿಸಲು ಹೇಳಿದೆ. ರೈಟರೂ ತಗ್ಗಿಸಿದರು. ಜಾಗಕ್ಕೆ ತಂದು ನಿಲ್ಲಿಸಿ, ಆ ಸದ್ದಿನಲ್ಲೂ ಕೇಳಿಸಲೆಂದು ಕೂಗಿ ಹೇಳಿದೆ: “ಈಗ ನೋಡಿ!”

ಮಳೆಗಾಲದ ನೀರು ಇನ್ನೂ ತಗ್ಗಿರಲಿಲ್ಲ. ಬಂಡೆಯ ಅಷ್ಟಗಲಕ್ಕೂ ಬಿಳಿಯ ನೀರು ಸುರಿಯುತ್ತಿತ್ತು. ಕೆಳಗಿನಿಂದ ಎದ್ದ ತುಂತುರು ನಮ್ಮ ಮುಖಕ್ಕೆ ಬಡಿಯಿತು. ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ರೈಟರ ತಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿದರು. ಅವ್ವ ಕೈಮುಗಿಯುವುದನ್ನೂ ಮರೆತು ತಲೆಯೆತ್ತಿ ನಿಂತಿದ್ದಳು. ವಿಭೂತಿ ಕರಗಿ ಕೆನ್ನೆಗೆ ಇಳಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ನನ್ನ ಕಿವಿಯ ಹತ್ತಿರ ಬಂದು ಕೂಗಿದಳು:

“ನೀನು ಹೇಳಿದ್ದು ಏನೂ ಸಾಲ್ದು ಕಣೋ!”

ದೊರೆಗಳು ಬೆನ್ನು ತಟ್ಟಿದ್ದಾರೆ, ದೂರದವರು ಹೊಗಳಿದ್ದಾರೆ. ಆದರೆ ಅವತ್ತು ನನ್ನ ಎದೆ ಉಬ್ಬಿದಂತೆ ಮತ್ತೆಂದೂ ಉಬ್ಬಿಲ್ಲ. ನಾನು ಕಡಿದ ಮೆಟ್ಟಿಲು, ನಾನು ಕಟ್ಟಿದ ಹಗ್ಗ, ಅದನ್ನು ಹಿಡಿದು ಇಳಿದು ಬಂದ ನನ್ನ ಅವ್ವ. ಇಲ್ಲಿ ನಾನು ಯಾರ ಆಳೂ ಅಲ್ಲ ಅನ್ನಿಸಿತು.

ಬಂಡೆಯ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ರೊಟ್ಟಿ ಬಿಚ್ಚಿದೆವು. ಅವ್ವ ರೈಟರ ತಾಯಿಗೆ, “ಈ ನೀರು ನಿಮ್ಮೂರಿಗೇ ಬತ್ತದಂತೆ. ನಮ್ಮ ಕಡೆಯಿಂದ ಹೋಗಾದು ಕಣಮ್ಮ, ಜೋಪಾನವಾಗಿ ನೋಡ್ಕಳಿ,” ಎಂದಳು, ಹೊಳೆ ತನ್ನ ಹಿತ್ತಲಿನಲ್ಲೇ ಹುಟ್ಟಿದ್ದೇನೋ ಎನ್ನುವಂತೆ. ಆ ತಾಯಿ ನಕ್ಕು, ಆಗಲಿ ಎಂದರು.

ರೈಟರು ಒಂದೆರಡು ವಾರ ನನ್ನೊಡನೆ ಬಿಗುವಾಗಿದ್ದರು. ಆಮೇಲೆ ಅವರೇ ಮನೆಗೆ ಬಂದು, ಕ್ರಿಸ್ಮಸ್ಸಿಗೆ ಬರುವ ನೆಂಟರನ್ನು ಕರೆದೊಯ್ಯಲು ಬಿಡುವಿದೆಯೇ ಎಂದು ಕೇಳಿದರು. ಬಿಡುವಿದೆಯೇ ಎಂದು ಅವರು ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಬಾ ಎನ್ನುತ್ತಿದ್ದರು.

ಮುಂದಿನ ಕಾರ್ತಿಕದಲ್ಲಿ ಅಕ್ಕಪಕ್ಕದ ಊರಿನ ಹೆಂಗಸರೂ ಬುತ್ತಿ ಕಟ್ಟಿಕೊಂಡು ಬಂದರು. ಆ ಗುಂಪಿಗೆ ನಾನು ಬೇಕಾಗಲಿಲ್ಲ. ಅವ್ವ ಕೋಲು ಹಿಡಿದು ತಾನೇ ಮುಂದೆ ನಡೆದಳು.